ತೊಗಲ ದೋಣಿಯ ದಾರಿ

ಆಗುಂಬೆಯ ಘಾಟಿಯ ತುದಿಯಲ್ಲಿ ಸಂಜೆ ನಿಂತವರಿಗೆ, ಆಕಾಶ ತಿಳಿಯಾಗಿದ್ದರೆ, ದೂರದಲ್ಲಿ ಅರಬ್ಬಿ ಸಮುದ್ರದ ಗೆರೆ ಕಾಣುತ್ತದೆ. ಸೂರ್ಯಾಸ್ತವನ್ನು ನೋಡಲು ಬಂದವರು ತಮ್ಮ ಬೆನ್ನ ಹಿಂದೆ ಏನಿದೆಯೆಂದು ಸಾಮಾನ್ಯವಾಗಿ ನೋಡುವುದಿಲ್ಲ. ಇಲ್ಲಿ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಪಡುವಣಕ್ಕೆ ಇಳಿದ ನೀರು ಸೀತಾನದಿಯನ್ನು ಸೇರಿ ಬಾರಕೂರಿನ ಕಡೆಯಿಂದ ಬೇಗನೆ ಕಡಲನ್ನು ಮುಟ್ಟುತ್ತದೆ. ಮೂಡಣಕ್ಕೆ ಹರಿದುದು ಮಾಲತಿಯಾಗಿ ತುಂಗೆಯನ್ನು ಕೂಡಿ, ತುಂಗಭದ್ರೆಯೆಂದೂ ಕೃಷ್ಣೆಯೆಂದೂ ಹೆಸರು ಬದಲಿಸುತ್ತ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಈ ಎರಡನೆಯ ದಾರಿಯಲ್ಲಿ, ನದಿ ಬಯಲುನಾಡಿಗೆ ಇಳಿದ ಮೇಲೆ, ನಮ್ಮ ಹಿರಿಯರು ತೇಲಿಸಿದ ದೋಣಿಯೇ ಹರಿಗೋಲು.

ಬಿದಿರಿನ ದೊಡ್ಡ ಬುಟ್ಟಿ, ಅದರ ಹೊರಮೈಗೆ ಎಳೆದು ಬಿಗಿದ ಹದಮಾಡಿದ ತೊಗಲು, ಹರಿಗೋಲೆಂದರೆ ಇಷ್ಟೇ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಹದಿನೈದಿಪ್ಪತ್ತು ಜನರನ್ನು ಹೊರುವ ಈ ದೋಣಿ ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಸಾಗುವುದು ಅವನಿಗೆ ವಿಚಿತ್ರವಾಗಿ ತೋರಿತು. 1800ರ ಜೂನ್ ತಿಂಗಳಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಹೊರಟ ಆರ್ಥರ್ ವೆಲ್ಲೆಸ್ಲಿ ಹರಿಹರದ ಬಳಿ ತುಂಬಿದ ತುಂಗಭದ್ರೆಯನ್ನು ದಾಟಬೇಕಾದಾಗ ಅವನ ಸೈನ್ಯಕ್ಕೆ ಒದಗಿದುದೂ ಈ ಬುಟ್ಟಿದೋಣಿಯೇ. ಮುಂದೆ ವೆಲ್ಲಿಂಗ್ಟನ್ ಡ್ಯೂಕನೆನಿಸಿದ ಈ ಸೇನಾನಿ ಹುಟ್ಟಿದುದು ಐರ್ಲೆಂಡಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಏಕೆಂದರೆ ಹರಿಗೋಲಿನ ದಾಯಾದಿಯೊಂದು ಅವನ ನಾಡಿನಲ್ಲಿಯೇ ಇದೆ.

ಅದರ ಹೆಸರು ಕರಾಕ್. ಮರದ ತೆಳು ಹಂದರಕ್ಕೆ ಎತ್ತಿನ ತೊಗಲು ಹೊದಿಸಿದ ಉದ್ದನೆಯ ದೋಣಿ. ಸಂತ ಕೊಲಂಬ 563ರಲ್ಲಿ ಐರ್ಲೆಂಡಿನಿಂದ ಸ್ಕಾಟ್ಲೆಂಡಿನ ಅಯೋನಾ ದ್ವೀಪಕ್ಕೆ ಹೋದುದು ಇಂಥ ದೋಣಿಯಲ್ಲೇ ಎಂದು ಅಲ್ಲಿಯ ಪರಂಪರೆ ಹೇಳುತ್ತದೆ. ಸಂತ ಬ್ರೆಂಡನನ ಕಥೆ ಇನ್ನೂ ದೊಡ್ಡದು. ಅವನು ತೊಗಲ ದೋಣಿಯಲ್ಲಿ ಮಹಾಸಾಗರವನ್ನೇ ದಾಟಿದನಂತೆ. ಇದು ಆಗುವ ಮಾತೇ ಎಂದು ಪರೀಕ್ಷಿಸಲು ಟಿಮ್ ಸೆವೆರಿನ್ ಎಂಬವರು 49 ಎತ್ತಿನ ತೊಗಲುಗಳನ್ನು ಓಕ್ ಮರದ ತೊಗಟೆಯಲ್ಲಿ ಹದಮಾಡಿಸಿ, ಉಣ್ಣೆಯ ಜಿಡ್ಡು ಬಳಿಸಿ, ನಾರಿನ ದಾರದಿಂದ ಹೊಲಿಸಿ, 36 ಅಡಿಯ ದೋಣಿಯನ್ನು ಸಿದ್ಧಪಡಿಸಿದರು. 1976ರ ಮೇ ತಿಂಗಳಲ್ಲಿ ಐರ್ಲೆಂಡಿನ ಕೆರ್ರಿ ಪ್ರಾಂತದಿಂದ ಹೊರಟ ಆ ದೋಣಿ ಪಶ್ಚಿಮ ಕರಾವಳಿಯನ್ನು ಅನುಸರಿಸಿ, ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳ ನಡುವೆ ಹಾದು, ಐಸ್‌ಲೆಂಡ್ ಸೇರಿತು. ಮರುವರ್ಷ ಹಿಮಗಡ್ಡೆಯೊಂದು ತೊಗಲನ್ನು ತೂತುಮಾಡಿದಾಗ, ಕೊರೆಯುವ ನೀರಿಗೆ ಬಾಗಿ ನಾವಿಕರು ತೇಪೆ ಹಾಕಿ ಹೊಲಿದರು. 1977ರ ಜೂನ್ 26ರಂದು ದೋಣಿ ನ್ಯೂಫೌಂಡ್‌ಲೆಂಡಿನ ದಡ ಮುಟ್ಟಿತು. ಹಲಗೆಯ ಹಡಗಾಗಿದ್ದರೆ ನಡುಗಡಲಿನಲ್ಲಿ ಅಷ್ಟು ಸುಲಭವಾಗಿ ಸರಿಪಡಿಸಬಹುದಿತ್ತೇ? ಗ್ರೀನ್‌ಲೆಂಡಿನ ಬೇಟೆಗಾರರ ಕಯಾಕ್ ಕೂಡ ಇದೇ ಕುಲದ್ದು. ಇಂದು ಅದರ ಆಕಾರವನ್ನೇ ಪ್ಲಾಸ್ಟಿಕ್ಕಿನಲ್ಲಿ ತಳೆದ ದೋಣಿಗಳಲ್ಲಿ ಸಾಹಸಿಗಳು ಆ ಕರಾವಳಿಗಳುದ್ದಕ್ಕೂ ವಾರಗಟ್ಟಲೆ ಹುಟ್ಟುಹಾಕುತ್ತ ಸಾಗುತ್ತಾರೆ.

ಇದೇ ಸೆವೆರಿನ್ ಮುಂದೆ ನಮ್ಮ ಕಡಲಿಗೂ ಬಂದರು. 1980ರಲ್ಲಿ ಓಮಾನಿನ ಸೂರ್ ಬಂದರಿನಲ್ಲಿ ಒಂದೂ ಮೊಳೆಯಿಲ್ಲದೆ, ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿಸಿ, ಹಳೆಯ ಅರಬ್ಬರ ರೀತಿಯ ಹಡಗನ್ನು ಕಟ್ಟಿಸಿದರು. ಹೊಲಿಗೆ ಬಲ್ಲವರು ಲಕ್ಷದ್ವೀಪದವರು. ಮರ ಕೇರಳದ ಕಾಡಿನ ಹೆಬ್ಬಲಸು. ಆಗುಂಬೆಯ ಕಾಡಿನಲ್ಲಿಯೂ ಬೆಳೆಯುವ ಮರವಿದು. ಆ ಹಡಗು 1981ರಲ್ಲಿ ಚೀನಾ ತಲಪಿತು.

ಅಲ್ಲಿಯವರು ತಮ್ಮ ತೊಗಲ ದೋಣಿಗೆ ಸಂತರ ಹೆಸರಿಟ್ಟು ಮನ್ನಿಸಿದರು. ನಮ್ಮ ಹರಿಗೋಲಿಗೆ ಅಂಥ ಮನ್ನಣೆ ದೊರೆಯಲಿಲ್ಲ. ಬುಟ್ಟಿ ಹೆಣೆದ ಮೇದರ ಹೆಸರು ಯಾವ ಶಾಸನದಲ್ಲಿದೆ? ತೊಗಲು ಹದಮಾಡಿದವನ ಕೇರಿಯನ್ನು ಊರಿನ ಹೊರಗಿಟ್ಟೆವು; ಹೊಳೆ ತುಂಬಿದ ದಿನ ಮಾತ್ರ ಊರಿಗೆ ಊರೇ ಅವನ ಕೈಕೆಲಸವನ್ನು ನಂಬಿ ಕುಳಿತಿತು. ಈಗ ಹರಿಗೋಲಿಗೆ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ತುಂಗಭದ್ರೆಯ ಮೀನುಗಾರರು ಇನ್ನೂ ಅದನ್ನು ಬಿಟ್ಟಿಲ್ಲ. ಮುಂದಿನ ಸಲ ಆಗುಂಬೆಗೆ ಹೋದಾಗ, ಸೂರ್ಯ ಮುಳುಗಿದ ಮೇಲೆ ಒಮ್ಮೆ ಮೂಡಣಕ್ಕೂ ತಿರುಗಿ ನೋಡೋಣ. ನಮ್ಮನ್ನು ದಾಟಿಸಿದ ಕೈಗಳು ಆ ಕಡೆಯಲ್ಲಿವೆ.