ಹಾಸಿಗೆಯ ಬಳಿಯ ಅರಿವು: ಅರುಣಾ ಶಾನಭಾಗ ಪ್ರಕರಣ ಮತ್ತು ಶುಶ್ರೂಷೆಯ ವೃತ್ತಿನೀತಿ

ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅವರ ಮೇಲೆ ಅತ್ಯಾಚಾರವೆಸಗಿದ. ಆಮ್ಲಜನಕ ಸಿಗದೆ ಮೆದುಳು ಘಾಸಿಗೊಂಡ ಅವರನ್ನು 2015ರ ಮೇ 18ರಂದು ತೀರಿಕೊಳ್ಳುವವರೆಗೂ ಆ ಆಸ್ಪತ್ರೆಯ ನರ್ಸ್‌ಗಳೇ ತಲೆಮಾರಿನಿಂದ ತಲೆಮಾರಿಗೆ ನೋಡಿಕೊಂಡರು. ದಯಾಮರಣದ ಕಾನೂನು ಕುರಿತ ಚರ್ಚೆ ಸಾಮಾನ್ಯವಾಗಿ ಈ ಪ್ರಕರಣದಿಂದಲೇ ಶುರುವಾಗುತ್ತದೆ. ಶುಶ್ರೂಷೆಯ ವೃತ್ತಿನೀತಿಯ ಪ್ರಕರಣವಾಗಿಯೂ ಇದನ್ನು ಓದಬೇಕು. 2011ರಲ್ಲಿ ಸುಪ್ರೀಂ ಕೋರ್ಟು ನರ್ಸ್‌ಗಳ ಮಾತಿಗೆ ಮನ್ನಣೆ ಕೊಟ್ಟಿತು, ನಿಜ. ಆದರೆ ಅದು ಅವರ ಮಮತೆಗೆ ಸಂದ ಮನ್ನಣೆ, ವೃತ್ತಿಜ್ಞಾನಕ್ಕೆ ಸಂದದ್ದಲ್ಲ. ಮುಂದೆ ರೂಪುಗೊಂಡ ನಿಯಮಗಳಲ್ಲಿ ಆ ಮಾತಿಗೆ ಜಾಗವೇ ಉಳಿಯದೆ ಹೋದದ್ದಕ್ಕೆ ಬೇರು ಇಲ್ಲಿದೆ ಎಂಬುದು ನನ್ನ ವಾದ.

ಅರುಣಾ ಅವರಿಗೆ ಆಹಾರ ನೀಡುವುದನ್ನು ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿ ಸಲ್ಲಿಸಿದ್ದ ಅರ್ಜಿಯನ್ನು ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನ್ ಸುಧಾ ಮಿಶ್ರಾ 2011ರ ಮಾರ್ಚ್ 7ರಂದು ತಳ್ಳಿಹಾಕಿದರು. ಹಗಲಿರುಳು ಆರೈಕೆ ಮಾಡಿದ ಕೆಇಎಂ ಸಿಬ್ಬಂದಿಯೇ ಆಕೆಯ ಪರವಾಗಿ ಮಾತಾಡಲು ಅರ್ಹರು ಎಂಬುದು ಅವರ ನಿಲುವು. ಅಷ್ಟು ವರ್ಷಗಳಲ್ಲಿ ಒಂದೂ ಹಾಸಿಗೆ ಹುಣ್ಣು ಆಗಲಿಲ್ಲವೆಂಬುದನ್ನು ತೀರ್ಪು ಮೆಚ್ಚಿ ಹೇಳುತ್ತದೆ. ಈ ಸಂಗತಿ ಮೆಚ್ಚುಗೆಗಿಂತ ಹೆಚ್ಚಿನದನ್ನು ಬೇಡುತ್ತದೆ. ಹುಣ್ಣು ಬಾರದಿರಬೇಕಾದರೆ ಕೆಲವೇ ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನು, ಸೊಂಟ, ಹಿಮ್ಮಡಿಯ ಚರ್ಮ ಕೆಂಪಾಗಿದೆಯೇ ಎಂದು ನೋಡುತ್ತಿರಬೇಕು, ಮೈ ಒದ್ದೆಯಾಗಿ ಉಳಿಯದಂತೆ, ಪೋಷಣೆ ಕುಗ್ಗದಂತೆ ಕಾಯಬೇಕು. ಒಂದು ಪಾಳಿ ಕಂಡದ್ದನ್ನು ಮುಂದಿನ ಪಾಳಿಗೆ ತಪ್ಪದೆ ಒಪ್ಪಿಸಬೇಕು. ಯಾರೂ ತಪಾಸಣೆಗೆ ಬರದ ರಾತ್ರಿಯಲ್ಲೂ ಇದು ನಡೆದಿರಬೇಕು. ಇಂಥ ದುಡಿಮೆಯಲ್ಲೇ ಒಂದು ಅರಿವು ಕೂಡಿಬರುತ್ತದೆ: ಯಾವ ತುತ್ತು ಗಂಟಲಿಳಿಯುತ್ತದೆ, ಯಾವ ಕೂಗು ನೋವಿನದು, ಯಾವ ಸ್ಪರ್ಶಕ್ಕೆ ಮೈ ಬಿಗಿಯುತ್ತದೆ. ಕೆಲವು ಗಂಟೆಗಳ ತಜ್ಞ ಪರೀಕ್ಷೆಗೆ ಇದು ದಕ್ಕುವಂಥದ್ದಲ್ಲ. 1953ರಲ್ಲಿ ಮೊದಲು ಅಂಗೀಕೃತವಾಗಿ 2021ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಶುಶ್ರೂಷಕರ ಮಂಡಳಿಯ ನೀತಿಸಂಹಿತೆ ನರ್ಸ್‌ನ ಮೊದಲ ಹೊಣೆ ಆರೈಕೆ ಬೇಕಾದವರಿಗೆ ಎನ್ನುತ್ತದೆ. ಆ ಹೊಣೆಯಲ್ಲಿ ಕಂಡದ್ದನ್ನು ಹೇಳುವುದೂ ಸೇರಿದೆ.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ದೀರ್ಘ ಒಡನಾಟ ಕಣ್ಣು ಕವಿಸುತ್ತದೆ. ನರ್ಸ್‌ಗಳು ಉಳಿಸಿಕೊಳ್ಳಬಯಸಿದ್ದು ತಮ್ಮ ಸಹೋದ್ಯೋಗಿಯನ್ನೋ ತಮ್ಮ ವೃತ್ತಿಯ ಅಭಿಮಾನವನ್ನೋ, ಅರುಣಾ ಏನು ಬಯಸುತ್ತಿದ್ದರೆಂದು ಯಾರಿಗೆ ಗೊತ್ತು? ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಇದು ತೀರ್ಮಾನದ ಅಧಿಕಾರಕ್ಕೆ ತಗಲುವ ಆಕ್ಷೇಪ, ಸಾಕ್ಷ್ಯಕ್ಕಲ್ಲ. ಕೆಇಎಂ ಸಿಬ್ಬಂದಿ ಮುಂದೆ ಮನಸ್ಸು ಬದಲಿಸಿದರೂ ಬಾಂಬೆ ಹೈಕೋರ್ಟಿನ ಒಪ್ಪಿಗೆ ಪಡೆಯಬೇಕೆಂದು ತೀರ್ಪು ವಿಧಿಸಿತ್ತು. ಹತ್ತಿರದವರ ಮಾತನ್ನು ಕೇಳಬೇಕು, ಆದರೆ ಅದೊಂದರ ಮೇಲೆಯೇ ನಿರ್ಣಯವಾಗಬಾರದು ಎಂಬ ವಿವೇಕ ಅದರಲ್ಲಿತ್ತು. ಆಕೆ ಸಹೋದ್ಯೋಗಿಯಾಗಿದ್ದರಿಂದಲೇ ಇಂಥ ಆರೈಕೆ ದೊರೆಯಿತೆಂಬ ಮಾತಿನಲ್ಲೂ ಸತ್ಯವಿದೆ. ಒಬ್ಬ ನರ್ಸ್ ಇಡೀ ವಾರ್ಡನ್ನು ನೋಡಿಕೊಳ್ಳಬೇಕಾದ ಕಡೆ ಹಾಸಿಗೆ ಹುಣ್ಣಿಗೆ ಆಕೆಯೊಬ್ಬಳನ್ನೇ ಹೊಣೆ ಮಾಡುವುದು ಅನ್ಯಾಯ. ಅಲ್ಲಿ ನೇಮಕಾತಿಯೇ ನೀತಿಯ ಪ್ರಶ್ನೆ.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಕೊಟ್ಟ ಕಾಮನ್ ಕಾಸ್ ತೀರ್ಪು ಘನತೆಯ ಸಾವನ್ನು ಹಕ್ಕೆಂದು ಒಪ್ಪಿತು. ಅದರಡಿ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಕ್ರಮವನ್ನು 2023ರಲ್ಲಿ ಸರಳಗೊಳಿಸಲಾಯಿತು. ಈಗ ಇದನ್ನು ಪರಿಶೀಲಿಸುವ ಪ್ರಾಥಮಿಕ ವೈದ್ಯಕೀಯ ಮಂಡಳಿಯಲ್ಲಿ ಚಿಕಿತ್ಸೆ ನೀಡುವ ವೈದ್ಯರೂ ಕನಿಷ್ಠ ಇಬ್ಬರು ವಿಷಯತಜ್ಞರೂ ಇರುತ್ತಾರೆ. ದ್ವಿತೀಯ ಮಂಡಳಿಯೂ ವೈದ್ಯರದೇ. ಈ ಕ್ರಮವನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ನರ್ಸ್‌ಗಳನ್ನು ಮಂಡಳಿಯ ಸದಸ್ಯರನ್ನಾಗಿಸಲೇಬೇಕೆಂದು ನಾನು ಹೇಳುತ್ತಿಲ್ಲ. ಮಂಡಳಿಗಳು ಕೂಡುವ ಮುನ್ನ, ರೋಗಿಯ ಬಳಿ ಹೆಚ್ಚು ಪಾಳಿ ದುಡಿದ ನರ್ಸ್‌ಗಳ ಲಿಖಿತ ವರದಿಯೊಂದು ಕಡತದಲ್ಲಿರಬೇಕು: ನೋವಿನ ಚಿಹ್ನೆ, ಆಹಾರ, ನಿದ್ದೆ, ಬಂಧುಗಳು ಬಂದಾಗಿನ ಪ್ರತಿಕ್ರಿಯೆ, ಪ್ರತಿಯೊಂದಕ್ಕೂ ದಿನಾಂಕ. ತಾನು ಕಂಡದ್ದನ್ನೂ ತಾನು ಊಹಿಸಿದ್ದನ್ನೂ ಬೇರೆಬೇರೆಯಾಗಿ ಬರೆಯುವ ಶಿಸ್ತು ನರ್ಸ್‌ನದು. ಆ ವರದಿ ವೈದ್ಯರ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದರೂ ಬರೆದವಳಿಗೆ ವರ್ಗಾವಣೆಯ ಭಯವಿರದಂತೆ ನೋಡಿಕೊಳ್ಳುವುದು ಆಸ್ಪತ್ರೆಯದು.