ವೀರಗಲ್ಲುಗಳು: ಬೇಲೂರು, ಹಳೇಬೀಡು, ಅರಸೀಕೆರೆ ಸೀಮೆ

ಕಾಳಗದಲ್ಲಿ ಮಡಿದವರ ನೆನಪಿಗೆ ಊರವರು, ಒಡೆಯರು ಅಥವಾ ಬಂಧುಗಳು ನೆಡಿಸಿದ ಕಲ್ಲುಗಳೇ ವೀರಗಲ್ಲುಗಳು. ಹಾಸನ ಜಿಲ್ಲೆಯ ಬೇಲೂರು ಸೀಮೆಯಲ್ಲೂ ಪೂರ್ವಕ್ಕೆ ಅರಸೀಕೆರೆಯ ಬಯಲಿನಲ್ಲೂ ಇಂಥ ಕಲ್ಲುಗಳು ಕೆರೆ ಏರಿಯ ಮೇಲೆ, ಊರಬಾಗಿಲಲ್ಲಿ, ಈಶ್ವರನ ಗುಡಿಯ ಮಗ್ಗುಲಲ್ಲಿ ನಿಂತಿವೆ. ಬೇಲೂರು, ಹಳೇಬೀಡುಗಳ ದೇವಾಲಯಗಳು ಅರಸರನ್ನು, ದಂಡನಾಯಕರನ್ನು, ಶಿಲ್ಪಿಗಳನ್ನು ನೆನಪಿನಲ್ಲಿ ಉಳಿಸಿವೆ. ಅವರ ನಾಡನ್ನು ಕಾದ ಸಾಮಾನ್ಯರ ಹೆಸರು ಬೇಕೆಂದರೆ ಹಳ್ಳಿಯ ಈ ಕಲ್ಲುಗಳ ಬಳಿಗೇ ಹೋಗಬೇಕು.

ಶೌರ್ಯವನ್ನು ಕಲ್ಲಿನಲ್ಲಿ ಬರೆದಿಡುವ ರೂಢಿ ಈ ನೆಲದಲ್ಲಿ ಬಹಳ ಹಳೆಯದು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರದೆಂದು ಹಲವು ವಿದ್ವಾಂಸರು ಎಣಿಸುವ ಶಾಸನವನ್ನು ಎಲ್ಲರೂ ಕನ್ನಡದ ಮೊದಲ ಶಾಸನಗಳಲ್ಲೊಂದೆಂದು ಬಲ್ಲರು. ಅದು ಹೇಳುವುದು ಯುದ್ಧದ ಸಂಗತಿಯನ್ನೇ. ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ, ಅಂದರೆ ಕತ್ತಿ ತೊಳೆದು ಮಾಡುವ ದತ್ತಿಯಾಗಿ ಕೊಡಲಾಯಿತು. ಇದು ವೀರಗಲ್ಲಲ್ಲ, ದಾನಶಾಸನ. ಆದರೂ ವೀರನಿಗೆ ನೆಲದ ಮೂಲಕ ಋಣ ತೀರಿಸಬೇಕೆಂಬ ಕಟ್ಟಳೆ ಇಲ್ಲಿಂದಲೇ ಕಾಣುತ್ತದೆ. ಮುಂದೆ ಸತ್ತವನ ಮನೆಯವರಿಗೆ ಗದ್ದೆ ಬಿಡುವ ನೆತ್ತರುಗೊಡಗೆಗೂ ಇದೇ ಭಾವನೆ ಆಧಾರ. ಹಾಗಾಗಿ ಅಂದಿನವರಿಗೆ ಸ್ಮಾರಕವೆಂದರೆ ಬರಿಯ ಕಲ್ಲಲ್ಲ, ಉಳಿದವರ ಅನ್ನವೂ ಹೌದು. ಈ ಸಂಪ್ರದಾಯದ ಅತ್ಯಂತ ಮಾನವೀಯ ಅಂಶ ಇದೇ.

ಹೊಯ್ಸಳರ ಕಾಲದ ವೀರಗಲ್ಲು ಸಾಮಾನ್ಯವಾಗಿ ಮೂರು ಅಂಕಣಗಳದು. ಕೆಳಗೆ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಕುದುರೆ, ಕೆಳಗುರುಳಿದ ಆಳುಗಳು. ನಡುವೆ ಅಪ್ಸರೆಯರು ವೀರನನ್ನು ವಿಮಾನದಲ್ಲಿ ಕೊಂಡೊಯ್ಯುತ್ತಾರೆ. ಮೇಲೆ ಶಿವಲಿಂಗದ ಮುಂದೆ ಅವನು ಕೈಮುಗಿದು ಕುಳಿತಿರುತ್ತಾನೆ. ವೀರನು ಜೈನನಾದರೆ ಅಲ್ಲಿ ಜಿನಬಿಂಬ ಇರುವುದುಂಟು. ನೆತ್ತಿಯಲ್ಲಿ ಸೂರ್ಯಚಂದ್ರರು. ಅಂಕಣಗಳ ನಡುವಿನ ಪಟ್ಟಿಯಲ್ಲಿ ಬರಹ. ಅನೇಕ ಕಲ್ಲುಗಳಲ್ಲಿ ಬರಹವೇ ಇಲ್ಲ. ಓದುಬರಹ ಬಾರದ ದನಗಾಹಿಗೂ ಕೆತ್ತನೆಯೇ ಕಥೆ ಹೇಳುತ್ತಿತ್ತು.

ಸತ್ತ ಕಾರಣಗಳು ಬಗೆಬಗೆ: ತುರುಗೊಳ್, ಪೆಣ್ಬುಯ್ಯಲ್ (ಹೆಂಗಸರ ಮೊರೆ), ಊರಳಿವು (ಊರಿನ ನಾಶ), ಗಡಿಜಗಳ, ಒಡೆಯನ ದಂಡಯಾತ್ರೆ. ಇವುಗಳಲ್ಲಿ ತುರುಗೊಳ್, ಎಂದರೆ ದನಗಳ ಅಪಹರಣ, ಕನ್ನಡ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದನ್ನು ಸಣ್ಣ ಜಗಳವೆಂದು ತಳ್ಳಿಹಾಕುವುದು ತಪ್ಪು. ಉಳುಮೆ, ಗೊಬ್ಬರ, ಹೈನು ಎಲ್ಲವೂ ದನಗಳಿಂದಲೇ ನಡೆಯುತ್ತಿದ್ದ ಕಾಲದಲ್ಲಿ ಒಂದು ರಾತ್ರಿಯ ತುರುಗೊಳ್ ಇಡೀ ಊರನ್ನು ಹಸಿವಿಗೆ ದೂಡಬಲ್ಲದಾಗಿತ್ತು. ತುರುವನ್ನು ಮರಳಿಸಿ ಸತ್ತವನು ಊರಿನ ಪಾಲಿಗೆ ರಣರಂಗದ ಯಾವ ಸೇನಾನಿಗೂ ಕಡಿಮೆಯಲ್ಲ.

ದೊಡ್ಡ ಯುದ್ಧಗಳೂ ಈ ಊರುಗಳನ್ನು ತಟ್ಟದೆ ಬಿಡಲಿಲ್ಲ. 1276ರಲ್ಲಿ ಸೇವುಣರ ಸೇನಾನಿ ಸಾಳುವ ತಿಕ್ಕಮನು ಹೊಯ್ಸಳರ ರಾಜಧಾನಿ ದೋರಸಮುದ್ರದ (ಇಂದಿನ ಹಳೇಬೀಡು) ಮೇಲೆ ಏರಿಬಂದು ಬೆಳವಾಡಿಯವರೆಗೆ ತಲುಪಿದ. ಹೊಯ್ಸಳ ಅರಸ ಮೂರನೆಯ ನರಸಿಂಹನ ಪಡೆ ಅವನನ್ನು ಸೋಲಿಸಿ ದುಮ್ಮಿಯವರೆಗೆ ಅಟ್ಟಿತು. 1311ರಲ್ಲಿ ದೆಹಲಿ ಸುಲ್ತಾನನ ಸೇನಾನಿ ಮಲಿಕ್ ಕಾಫೂರನ ದಂಡು ರಾಜಧಾನಿಗೇ ಬಂತು.

ವೀರಗಲ್ಲುಗಳ ಬಳಗಕ್ಕೆ ಸೇರಿಯೂ ಬೇರೆಯಾಗಿ ನಿಲ್ಲುವುದು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದ ಗರುಡಗಂಬ. 1220ರಲ್ಲಿ ಹೊಯ್ಸಳ ಅರಸ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಲಕ್ಷ್ಮನ ಮಡದಿ ಸುಗ್ಗಲದೇವಿ ಮತ್ತು ಅವರ ಸಂಗಡಿಗರಾದ ವೀರರು ಪ್ರಾಣ ಬಿಟ್ಟರೆಂಬುದನ್ನು ಇದು ಸಾರುತ್ತದೆ. ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವ ಯೋಧರ ಉಬ್ಬುಚಿತ್ರಗಳು ಕಂಬದ ಮೇಲಿವೆ. ವೇಳೆವಾಳಿ, ಲೆಂಕವಾಳಿ, ಜೋಳವಾಳಿ ಎಂಬ, ಒಡೆಯನಿಗಾಗಿ ಪ್ರಾಣ ಕೊಡುವ ಪ್ರತಿಜ್ಞೆಗಳ ಕಾಲವದು. ಅವರ ನಿಷ್ಠೆಗೆ ತಲೆಬಾಗುತ್ತಲೇ, ಆ ಪದ್ಧತಿ ಎಷ್ಟು ಜೀವಗಳನ್ನು ವೃಥಾ ಕೇಳಿತೆಂಬುದನ್ನೂ ಹೇಳಬೇಕು. ಗಂಡನ ಚಿತೆಯೇರಿದ ಹೆಂಗಸಿನ ನೆನಪಿಗೆ ನಿಂತ, ಬಳೆ ತೊಟ್ಟ ಕೈ ಎತ್ತಿರುವ ಮಾಸ್ತಿಕಲ್ಲುಗಳ ಮುಂದೆಯೂ ಇದೇ ಮಾತು ಸಲ್ಲುತ್ತದೆ. ವೀರಗಲ್ಲು ಮತ್ತು ಮಾಸ್ತಿಕಲ್ಲು ಒಂದೇ ಶಿಲೆಯಲ್ಲಿ ಸೇರಿರುವುದೂ ಉಂಟು.

ವಿಜಯನಗರ, ಪಾಳೆಯಗಾರರ ಕಾಲದವರೆಗೂ ಕಲ್ಲು ನೆಡುವ ರೂಢಿ ನಡೆಯಿತು. ಕೆತ್ತನೆ ಮಾತ್ರ ಸರಳವಾಗುತ್ತ ಬಂತು. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟದಿಂದ ಈ ಭಾಗದ ಶಾಸನಗಳು ವಿದ್ವಾಂಸರ ಕೈಸೇರಿದವು. ವೀರಗಲ್ಲುಗಳನ್ನೇ ಪ್ರತ್ಯೇಕ ವಿಷಯವಾಗಿ ಕಾಣಿಸಿದವರಲ್ಲಿ ಎಂ. ಚಿದಾನಂದಮೂರ್ತಿ, ‘ಕರ್ನಾಟಕದ ವೀರಗಲ್ಲುಗಳು’ ಬರೆದ ಆರ್. ಶೇಷಶಾಸ್ತ್ರಿ, ಎಸ್. ಶೆಟ್ಟರ್ ಮುಖ್ಯರು.

ಆಧುನಿಕ ಕಾಲದಲ್ಲಿ ಸ್ಮಾರಕ ನಗರಕ್ಕೆ ಸರಿಯಿತು. 1918ರ ಹೈಫಾ ಕದನದಲ್ಲಿ ಕಾದಾಡಿದ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕ ಬೆಂಗಳೂರಿನಲ್ಲಿದೆ. 2019ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ತೆರೆಯಿತು. ಆದರೆ ಸೈನಿಕರು ಇಂದಿಗೂ ಹಳ್ಳಿಗಳಿಂದ ಹೋಗುತ್ತಾರೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಕುಸಿತಕ್ಕೆ ಸಿಕ್ಕಿ ಮಡಿದವರಲ್ಲಿ ಹಾಸನ ತಾಲ್ಲೂಕಿನ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ್ ಒಬ್ಬರು.

ರಕ್ಷಿತ ಸ್ಮಾರಕಗಳ ಆವರಣದ ಹೊರಗಿರುವ ವೀರಗಲ್ಲುಗಳಿಗೆ ದಿಕ್ಕಿಲ್ಲ. ಕೆಲವು ಬಟ್ಟೆ ಒಗೆಯುವ ಹಾಸಾಗಿವೆ, ಕೆಲವು ಮೋರಿಯ ಚಪ್ಪಡಿಯಾಗಿವೆ, ಇನ್ನು ಕೆಲವನ್ನು ನಿಧಿಗಳ್ಳರು ಕೆಡವಿದ್ದಾರೆ. ಅರಿಸಿನ ಕುಂಕುಮ ಹಚ್ಚಿ ಊರದೇವರಾಗಿಸಿಕೊಂಡ ಕಡೆಗಳಲ್ಲಿ ಮಾತ್ರ ಅವು ನೆಮ್ಮದಿಯಾಗಿವೆ. ಉಳುವಾಗಲೋ ಪಾಯ ತೋಡುವಾಗಲೋ ಕೆತ್ತನೆಯ ಕಲ್ಲು ಸಿಕ್ಕರೆ ಅದನ್ನು ಒಡೆಯದೆ, ಸಾಗಿಸದೆ, ಸಿಕ್ಕ ಜಾಗ ಸಹಿತ ಚಿತ್ರ ತೆಗೆದು ಪುರಾತತ್ವ ಇಲಾಖೆಗೂ ಗ್ರಾಮ ಪಂಚಾಯಿತಿಗೂ ತಿಳಿಸಬೇಕು. ಪಂಚಾಯಿತಿಯವರು ಅದನ್ನು ಊರಿನಲ್ಲಿಯೇ ನೆಟ್ಟು ಕಾಪಾಡಲಿ.