ಒಡೆಯನ ಗುರುತು ಹಿಡಿಯುವ ಕಾರಿನ ಕೀಲಿಕೈ

ಒಂದೇ ಕಾರನ್ನು ಇಬ್ಬರು ಓಡಿಸುವ ಮನೆಗಳಲ್ಲಿ ಪ್ರತಿದಿನ ಬೆಳಿಗ್ಗೆ ಒಂದು ಸಣ್ಣ ಕಸರತ್ತು ತಪ್ಪಿದ್ದಲ್ಲ. ರಾತ್ರಿ ಆರಡಿ ಎತ್ತರದ ಪತಿ ತಂದು ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಪತ್ನಿ ಏರಿದರೆ ಕಾಲು ಬ್ರೇಕಿಗೆ ಎಟುಕದು, ಕನ್ನಡಿಯಲ್ಲಿ ಹಿಂದಿನ ರಸ್ತೆಯ ಬದಲು ಆಕಾಶ ಕಾಣುತ್ತದೆ. ಆಸನ ಎಳೆದು, ಕನ್ನಡಿ ತಿರುಗಿಸಿ, ಸ್ಟೀರಿಂಗ್ ಇಳಿಸಿ ಹೊರಡುವಷ್ಟರಲ್ಲಿ ಕಚೇರಿಗೆ ತಡವಾಗಿರುತ್ತದೆ. ಅವಸರದಲ್ಲಿ ಕನ್ನಡಿಯನ್ನು ಹಾಗೆಯೇ ಬಿಟ್ಟು ಹೊರಡುವವರೂ ಇದ್ದಾರೆ. ಅಪಾಯ ಇರುವುದೇ ಅಲ್ಲಿ. ಈ ಕಸರತ್ತನ್ನು ತಪ್ಪಿಸಲು ಬಂದದ್ದೇ ಚಾಲಕನನ್ನು ಗುರುತಿಸುವ ಕೀಲಿಕೈ.

ನೆನಪು ಯಾರದ್ದು?

'ನೆನಪಿಡುವ ಕೀಲಿಕೈ' ಎಂಬ ಹೆಸರು ರೂಢಿಯಲ್ಲಿದ್ದರೂ ವಾಸ್ತವದಲ್ಲಿ ನೆನಪಿಡುವುದು ಕೀಲಿಯಲ್ಲ, ಕಾರು. ಪ್ರತಿಯೊಂದು ಕೀಲಿಗೂ ತನ್ನದೇ ಆದ ಗುರುತಿನ ಸಂಖ್ಯೆ ಇರುತ್ತದೆ. ಗುಂಡಿ ಒತ್ತಿ ಬಾಗಿಲು ತೆರೆದೊಡನೆ ಆ ಸಂಖ್ಯೆ ಕಾರಿನೊಳಗಿನ ನಿಯಂತ್ರಣ ಘಟಕವನ್ನು ತಲುಪುತ್ತದೆ. ಆ ಸಂಖ್ಯೆಯ ಹೆಸರಿನಲ್ಲಿ ಕಳೆದ ಬಾರಿ ಯಾವ ಸ್ಥಾನಗಳು ದಾಖಲಾಗಿದ್ದವೋ ಅವುಗಳಂತೆ ಆಸನ, ಕನ್ನಡಿ, ಸ್ಟೀರಿಂಗ್‌ಗಳ ಪುಟ್ಟ ಮೋಟಾರುಗಳು ಚಲಿಸುತ್ತವೆ. ಹವಾನಿಯಂತ್ರಣದ ಉಷ್ಣತೆ ಹಾಗೂ ರೇಡಿಯೋ ಕೇಂದ್ರಗಳೂ ಹೀಗೆಯೇ ಮರಳುವ ಕಾರುಗಳಿವೆ. ಪಡಿತರ ಅಂಗಡಿಯಲ್ಲಿ ಕಾರ್ಡ್ ಸಂಖ್ಯೆ ಹೇಳಿದರೆ ಕುಟುಂಬದ ವಿವರ ತೆರೆದುಕೊಳ್ಳುವಂತೆ ಎನ್ನಬಹುದು.

ಆಸನಕ್ಕೆ ನೆನಪು ಬಂದದ್ದು ಕೀಲಿಗಿಂತ ಬಹಳ ಮೊದಲು. ಅಮೆರಿಕದಲ್ಲಿ 1957ರಲ್ಲಿ ಬಂದ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೋಮ್ ಕಾರಿನಲ್ಲಿ ಚಾಲಕನ ಮೆಚ್ಚಿನ ಸ್ಥಾನಕ್ಕೆ ತಾನಾಗಿ ಮರಳುವ ಆಸನವಿತ್ತು. ಆದರೆ ಅದರ ಬೆಲೆ 13,074 ಡಾಲರ್. ಸಿರಿವಂತರಿಗಷ್ಟೇ ಎಟುಕುವ ವೈಭವವಾಗಿತ್ತು. ಕುಳಿತವರು ಯಾರೆಂಬುದೂ ಆ ಕಾರಿಗೆ ತಿಳಿಯುತ್ತಿರಲಿಲ್ಲ.

ಕಳ್ಳರಿಂದ ಬಂದ ಜಾಣತನ

ಕೀಲಿಗೆ ಗುರುತು ದೊರೆತದ್ದು ಸೌಕರ್ಯಕ್ಕಾಗಿ ಅಲ್ಲ, ಕಳ್ಳತನ ತಡೆಯುವುದಕ್ಕಾಗಿ ಎಂಬುದು ಸ್ವಾರಸ್ಯಕರ. 1986ರ ಷೆವರ್ಲೆ ಕಾರ್ವೆಟ್ ಕಾರಿನ ಕೀಲಿಯ ಮೇಲೆ ವಿದ್ಯುತ್ ರೋಧಕದ ಪುಟ್ಟ ಗುಳಿಗೆಯೊಂದನ್ನು ಕೂರಿಸಲಾಗಿತ್ತು. ಅದರ ಅಳತೆ ಸರಿಹೊಂದದಿದ್ದರೆ ಎಂಜಿನ್ ಚಾಲೂ ಆಗುತ್ತಿರಲಿಲ್ಲ. ಆದರೆ ಒಟ್ಟು ಅಳತೆಗಳು 15 ಮಾತ್ರ. ತಾಳ್ಮೆಯುಳ್ಳ ಕಳ್ಳನಿಗೆ ಇದೇನು ದೊಡ್ಡ ಲೆಕ್ಕವಲ್ಲ. 1990ರ ದಶಕದ ನಡುವೆ ಕೀಲಿಯ ಪ್ಲಾಸ್ಟಿಕ್ ಹಿಡಿಯೊಳಗೆ ಚಿಪ್ ಸೇರಿತು. ಇದಕ್ಕೆ ಬ್ಯಾಟರಿ ಬೇಕಿಲ್ಲ. ಕೀಲಿ ತೂರಿಸುವ ಜಾಗದ ಸುತ್ತಲಿನ ತಂತಿಸುರುಳಿಯೇ ಅದಕ್ಕೆ ಶಕ್ತಿ ನೀಡಿ ಉತ್ತರ ಪಡೆಯುತ್ತದೆ. ಐರೋಪ್ಯ ಒಕ್ಕೂಟವು 1998ರಲ್ಲಿ ಹೊಸ ಕಾರುಗಳಿಗೆ ಎಂಜಿನ್ ಚಾಲನೆ ತಡೆಯುವ ಇಂಥ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು.

ಹೀಗೆ ಪ್ರತಿ ಕೀಲಿಗೂ ಗುರುತು ದೊರೆತ ಮೇಲೆ ಅದನ್ನು ಸೌಕರ್ಯಕ್ಕೆ ಬಳಸುವುದು ಕಷ್ಟವಾಗಲಿಲ್ಲ. ಜರ್ಮನಿಯ ಬಿಎಂಡಬ್ಲ್ಯು ಕಂಪೆನಿ 1990ರ ದಶಕದ ಕೊನೆಯಲ್ಲಿ 'ಕೀ ಮೆಮೊರಿ' ಎಂಬ ಹೆಸರಿನಲ್ಲಿ ನಾಲ್ಕು ಕೀಲಿಗಳವರೆಗೆ ಬೇರೆ ಬೇರೆ ಆಯ್ಕೆಗಳನ್ನು ದಾಖಲಿಸುವ ಅನುಕೂಲ ಕಲ್ಪಿಸಿತು.

ಸೌಕರ್ಯವಷ್ಟೇ ಅಲ್ಲ

ಇದೆಲ್ಲ ಶ್ರೀಮಂತರ ಷೋಕಿ ಎಂದು ತಳ್ಳಿಹಾಕುವಂತಿಲ್ಲ. ಸ್ಟೀರಿಂಗ್ ನಡುವಿನಿಂದ ಏರ್‌ಬ್ಯಾಗ್ ಸಿಡಿಯುವ ರಭಸ ಅಸಾಧಾರಣವಾದದ್ದು. 1990ರ ದಶಕದಲ್ಲಿ ಅಮೆರಿಕದಲ್ಲಿ ಸ್ಟೀರಿಂಗ್‌ಗೆ ಅಂಟಿಕೊಂಡಂತೆ ಕುಳಿತಿದ್ದ ಕುಳ್ಳಗಿನ ಚಾಲಕರು, ಅದರಲ್ಲೂ ಮಹಿಳೆಯರು, ಏರ್‌ಬ್ಯಾಗ್ ಪೆಟ್ಟಿನಿಂದಲೇ ಸಾವಿಗೀಡಾದ ಪ್ರಕರಣಗಳು ವರದಿಯಾದವು. ಎದೆಗೂ ಸ್ಟೀರಿಂಗ್ ನಡುವಿಗೂ ಕನಿಷ್ಠ 10 ಅಂಗುಲ, ಅಂದರೆ ಸುಮಾರು 25 ಸೆಂ.ಮೀ. ಅಂತರವಿರಬೇಕೆಂಬುದು ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆಯ ಸಲಹೆ. ಪೆಡಲ್ ಎಟುಕಬೇಕು, ಅಂತರವೂ ಉಳಿಯಬೇಕು. ಈ ಸ್ಥಾನವನ್ನು ಒಮ್ಮೆ ನಿಧಾನವಾಗಿ ಹುಡುಕಿ ಉಳಿಸಿಟ್ಟರೆ ದಿನವೂ ಅಂದಾಜು ಮಾಡುವ ಪ್ರಮೇಯವಿರುವುದಿಲ್ಲ.

ಸೌಕರ್ಯಕ್ಕಿಂತ ಶಿಸ್ತಿಗಾಗಿ ಬಂದ ಕೀಲಿಯೂ ಉಂಟು. ಫೋರ್ಡ್ ಕಂಪೆನಿ 2008ರಲ್ಲಿ ಪ್ರಕಟಿಸಿದ 'ಮೈಕೀ' ಎಂಬುದು ಹದಿಹರೆಯದ ಮಕ್ಕಳ ಕೈಗೆ ಕಾರು ಕೊಡುವ ಅಮೆರಿಕದ ಪಾಲಕರಿಗಾಗಿ ರೂಪುಗೊಂಡದ್ದು. ಆ ಕೀಲಿಯಿಂದ ಓಡಿಸಿದರೆ ವೇಗವನ್ನು ಗಂಟೆಗೆ 80 ಮೈಲಿಗೆ ಮಿತಗೊಳಿಸಬಹುದು. ಸೀಟ್ ಬೆಲ್ಟ್ ಧರಿಸುವವರೆಗೆ ಹಾಡು ಕೇಳಿಸದು. ಒಂದು ಕೀಲಿಯಾದರೂ ಮಾಲೀಕನ ಪೂರ್ಣಾಧಿಕಾರದಲ್ಲಿ ಉಳಿಯಲೇಬೇಕು. ಭಾರತದಲ್ಲಿ 2015ರಲ್ಲಿ ಬಂದ ಫಿಗೊ ಆಸ್ಪೈರ್‌ನಲ್ಲಿ ಈ ಸೌಲಭ್ಯವಿತ್ತು. ಮಕ್ಕಳಿಗಿಂತ ಹೆಚ್ಚಾಗಿ ಸಂಬಳದ ಚಾಲಕರ ಕೈಗೆ ಕೀಲಿ ಕೊಡುವ ನಮ್ಮ ನಗರಗಳಿಗೆ ಇದು ಹೇಳಿ ಮಾಡಿಸಿದಂತಿತ್ತು. ಆದರೆ 2021ರಲ್ಲಿ ಕಂಪೆನಿಯು ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು.

ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಗುಂಡಿ ಒತ್ತಿ ಕರೆಯಬೇಕಾದ ನೆನಪಿನ ಆಸನ. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಇನೋವಾ ಹೈಕ್ರಾಸ್ 2022ರಲ್ಲಿ ಅನಾವರಣಗೊಂಡಾಗ ಅದರ ಮೇಲ್ದರ್ಜೆಯ ಮಾದರಿಯಲ್ಲಿ ಚಾಲಕನಿಗೆ ಇಂಥ ಆಸನವಿತ್ತು.

ತೊಡಕುಗಳು

ದಂಪತಿ ಇಬ್ಬರೂ ತಮ್ಮ ತಮ್ಮ ಕೀಲಿಗಳನ್ನು ಜೇಬಿನಲ್ಲಿ, ಕೈಚೀಲದಲ್ಲಿ ಇಟ್ಟುಕೊಂಡು ಒಂದೇ ಕಾರಿನತ್ತ ನಡೆದರೆ ಕಾರು ಯಾರನ್ನು ಚಾಲಕನೆಂದು ಭಾವಿಸಬೇಕು? ಕೀಲಿ ಹೊರತೆಗೆಯದೆಯೇ ಬಾಗಿಲು ತೆರೆಯುವ ಕಾರುಗಳಲ್ಲಿ ಈ ಗೊಂದಲ ತಲೆದೋರುವುದುಂಟು. ಮೇಜಿನ ಮೇಲಿದ್ದ ಕೀಲಿಗಳು ಅದಲು ಬದಲಾದರೂ ಅದೇ ಕಥೆ. ಆಸನ ತಾನಾಗಿ ಹಿಂದಕ್ಕೆ ಸರಿಯುವಾಗ ಹಿಂಬದಿಯಲ್ಲಿ ಮಗುವಿದ್ದರೆ ಮೊಣಕಾಲು ಸಿಕ್ಕಿಕೊಳ್ಳುವ ಸಂಭವವಿದೆ. ಬಹುತೇಕ ಕಾರುಗಳಲ್ಲಿ ಆಸನದ ಯಾವುದಾದರೂ ಗುಂಡಿ ಮುಟ್ಟಿದೊಡನೆ ಚಲನೆ ನಿಲ್ಲುತ್ತದೆ; ಮನೆಯವರೆಲ್ಲರೂ ಇದನ್ನು ಮೊದಲೇ ತಿಳಿದಿರುವುದು ಒಳಿತು.

ಜೇಬಿನಲ್ಲಿರುವ ಕೀಲಿಯ ಸಂಕೇತವನ್ನು ದೂರಕ್ಕೆ ಸಾಗಿಸಿ ಕಾರನ್ನು ವಂಚಿಸಬಹುದೆಂಬುದನ್ನು ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಸಂಶೋಧಕರು 2011ರಲ್ಲಿ 8 ಕಂಪೆನಿಗಳ 10 ಮಾದರಿಗಳ ಮೇಲೆ ಪ್ರಯೋಗಿಸಿ ತೋರಿಸಿದರು. ಸಂಕೇತ ಬಂದು ಹೋಗುವ ಕಾಲವನ್ನು ಅಳೆದು ಕೀಲಿ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುವ ತಂತ್ರ ಇದಕ್ಕೆ ಪರಿಹಾರವಾಗಿ ಬಂದಿದೆ. ಇತ್ತ ಕೀಲಿಯೇ ಮೊಬೈಲ್ ಫೋನಿನೊಳಗೆ ಸೇರತೊಡಗಿದೆ. 2020ರಲ್ಲಿ ಆಪಲ್ ಕಂಪೆನಿ ಐಫೋನಿನಲ್ಲಿ ಈ ಸೌಲಭ್ಯ ಒದಗಿಸಿದಾಗ ಮೊದಲು ಕೈಜೋಡಿಸಿದ್ದು ಬಿಎಂಡಬ್ಲ್ಯು.

ಕಾರು ಮಾರುವವರು ಗಮನಿಸಬೇಕಾದ ಸಂಗತಿಯೊಂದಿದೆ. ನೆನಪು ಕಾರಿನೊಳಗೇ ಇರುವುದರಿಂದ ಕೀಲಿ ಹಸ್ತಾಂತರಿಸಿದ ಮಾತ್ರಕ್ಕೆ ಹಳೆಯ ವಿವರಗಳು ಅಳಿಯುವುದಿಲ್ಲ. ಆಸನದ ಸ್ಥಾನ ಉಳಿದರೆ ನಷ್ಟವೇನಿಲ್ಲ; ಆದರೆ ಪರದೆಯುಳ್ಳ ಕಾರುಗಳಲ್ಲಿ ಮನೆಯ ವಿಳಾಸ, ಜೋಡಿಸಿದ ಫೋನಿನ ಹೆಸರುಪಟ್ಟಿಯೂ ಉಳಿದಿರಬಹುದು. ಕೊಳ್ಳುವವರು ಎಲ್ಲ ಕೀಲಿಗಳನ್ನೂ ಕೇಳಿ ಪಡೆಯಬೇಕು. ಒಂದು ಕಳೆದಿದೆ ಎಂದರೆ, ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಅದರ ನೋಂದಣಿ ರದ್ದುಪಡಿಸುವವರೆಗೆ ಆ ಕೀಲಿ ಯಾರ ಕೈಯಲ್ಲಿದ್ದರೂ ಕಾರಿನ ಪಾಲಿಗೆ ಆತನೂ ಒಡೆಯನೇ.